ಹೊಸಬರನ್ನು ಮೊದಲ ಮನೆಗೆ ಕರೆದೊಯ್ಯುತ್ತಿದ್ದ ಅಮೀರಾಪಾ

ಆಳಂದದ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಒಂದು ಔಷಧಿ ಅಂಗಡಿ ಇದೆ. ಅದರ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆ. ಈಗ ಅಲ್ಲಿ ಮಕ್ಕಳಿಗೆ ಟ್ಯೂಷನ್ ನಡೆಯುತ್ತದೆ. ನಮ್ಮ ಕಂಪನಿ ಶುರುವಾದದ್ದು ಆ ಎರಡು ಕೋಣೆಗಳಲ್ಲಿ. ಹಾಸಿಗೆ ಹಿಡಿದವರನ್ನು, ಕೈಲಾಗದ ಹಿರಿಯರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಲು ಜನರನ್ನು ಕಳಿಸುವ ಕಂಪನಿ. ಇವತ್ತು ಅದಕ್ಕೆ ಅಫಜಲಪುರದಲ್ಲೂ ಜೇವರ್ಗಿಯಲ್ಲೂ ಕಚೇರಿಗಳಿವೆ. ಹೊಸದಾಗಿ ಸೇರಿದವರಿಗೆ ತೋರಿಸಲು ಮೊಬೈಲಿನಲ್ಲಿ ವಿಡಿಯೋಗಳಿವೆ, ಹಾಕಿಕೊಳ್ಳಲು ಆಕಾಶ ಬಣ್ಣದ ಕೋಟುಗಳಿವೆ. ನಾನು ಸೇರಿದ ವರ್ಷ ಇದ್ಯಾವುದೂ ಇರಲಿಲ್ಲ. ಒಂದು ಕಬ್ಬಿಣದ ಮಂಚ, ಒಂದು ಗಾಲಿಕುರ್ಚಿ, ಬಿ.ಪಿ. ನೋಡುವ ಯಂತ್ರ ಇದ್ದವು. ಮತ್ತೆ ಅಮೀರಾಪಾ ಇದ್ದರು.

ಅವರ ಪೂರ್ತಿ ಹೆಸರು ಅಮೀರುನ್ನಿಸಾ. ಆಪಾ ಅಂದರೆ ಅಕ್ಕ. ಎಲ್ಲರೂ ಹಾಗೇ ಕರೆಯುತ್ತಿದ್ದರು. ಕಂಪನಿ ಕಟ್ಟಿದ ಮಂಜರಿ ಮೇಡಂ ಕೂಡ. ಆಪಾ ಕುಳ್ಳಗಿನ, ಗಟ್ಟಿ ಮೈಯ ಹೆಂಗಸು. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಮಂಜರಿ ಮೇಡಂ ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಕೈ ತೊಳೆಯುವುದು, ಜ್ವರ ನೋಡುವುದು, ಬೆನ್ನಿಗೆ ಹುಣ್ಣಾಗದಂತೆ ಹೊರಳಿಸುವುದು, ಇವನ್ನೆಲ್ಲ ಅವರು ಕಲಿಸುತ್ತಿದ್ದರು. ಅದಾದ ಮೇಲೆ ಹೊಸಬರನ್ನು ಅಮೀರಾಪಾನ ಕೈಗೆ ಒಪ್ಪಿಸುತ್ತಿದ್ದರು. ಹೊಸಬರನ್ನು ಮೊದಲ ಮನೆಗೆ ಕರೆದುಕೊಂಡು ಹೋಗಿ, ಆ ಮನೆಯ ಜನರಿಗೂ ಇವರಿಗೂ ಪರಿಚಯ ಬೆಳೆಯುವ ತನಕ ಜೊತೆಗಿದ್ದು ಬರುವುದು ಆಪಾನ ಕೆಲಸ. ಇವತ್ತು ಜೇವರ್ಗಿಯಲ್ಲಿ ನಾನು ಮಾಡುತ್ತಿರುವುದೂ ಅದನ್ನೇ. ಅದಕ್ಕೇ ಇರಬೇಕು, ಹೊಸ ಹುಡುಗಿಯೊಬ್ಬಳು ಚೀಲ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಾಗಲೆಲ್ಲ ನನಗೆ ಆಳಂದದ ಆ ಮೆಟ್ಟಿಲು ನೆನಪಾಗುತ್ತದೆ.

ನನ್ನದು ನಿಂಬರ್ಗಾ. ಅಪ್ಪ ತೀರಿದ ಮೇಲೆ ಅವ್ವ ಶರಣಬಸಮ್ಮ ಕೂಲಿಗೆ ಹೋಗಿ ನನ್ನನ್ನು ಕಾಲೇಜಿನ ತನಕ ಓದಿಸಿದ್ದಳು. ಮುಂದೆ ಓದುವ ಮನಸ್ಸು ನನಗಿರಲಿಲ್ಲ, ಹೊಲಕ್ಕೆ ಹೋಗುವ ಮನಸ್ಸೂ ಇರಲಿಲ್ಲ. ಭಾಗ್ಯಜ್ಯೋತಿ ಎಂಬ ನನ್ನ ಹೆಸರಿನಲ್ಲಷ್ಟೇ ಭಾಗ್ಯವಿದೆ ಎಂದು ಅವ್ವ ಗೊಣಗುತ್ತಿದ್ದಳು. ಪರಿಚಯದವರೊಬ್ಬರು ಈ ಕೆಲಸದ ಸುದ್ದಿ ಹೇಳಿದರು. ಮುದುಕರಿಗೆ ಊಟ ಮಾಡಿಸುವುದರಲ್ಲಿ ಕಲಿಯುವುದೇನಿದೆ ಅಂದುಕೊಂಡು ಬಂದಿದ್ದೆ.

ಮೇಡಂ ಪಾಠ ಮುಗಿದು ಆಪಾನ ಕೈಗೆ ಬಂದ ಮೊದಲ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಂಚದ ಕಡೆ ಕೈ ಮಾಡಿದರು.

“ಮಕ್ಕೋ ಬೇ.”

ನಾನು ಯಾಕೆ ಮಲಗಬೇಕು ಎಂದು ಕೇಳಿದೆ.

“ನಾಳಿಗೆ ನಿನ್ನ ಮುಂದ ಒಬ್ಬರು ಮಕ್ಕೊಂಡಿರ್ತಾರ. ಅವರಿಗಿ ಹ್ಯಾಂಗ ಅನಸ್ತದ ಅಂತ ನಿನಗ ಗೊತ್ತಾಗಬ್ಯಾಡೇನು?”

ಮಲಗಿದೆ. ಕೆಳಗಿನ ಹೋಟೆಲಿನಿಂದ ತಂದ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ, ಒಂದು ತಟ್ಟೆಯಲ್ಲಿತ್ತು. ಆಪಾ ನನ್ನ ತಲೆಯ ಹತ್ತಿರ ನಿಂತು, ಏನೂ ಮಾತಾಡದೆ, ಚಮಚದ ಮೇಲೆ ಚಮಚ ಬಾಯಿಗಿಟ್ಟರು. ಅಗಿಯುವುದರೊಳಗೆ ಇನ್ನೊಂದು ಬರುತ್ತಿತ್ತು. ಮಂಡಕ್ಕಿ ಗಂಟಲಿಗೆ ಅಂಟಿತು, ಕಣ್ಣಲ್ಲಿ ನೀರು ಬಂತು. ಮೇಲೆ ಚಾವಣಿ, ಅವರ ಗದ್ದ, ಬರುತ್ತಿರುವ ಚಮಚ ಇಷ್ಟೇ ಕಾಣುತ್ತಿತ್ತು. ನನಗೆ ಸಿಟ್ಟು ಬಂತು, ಹೇಳಲಾಗದ ಒಂದು ನಾಚಿಕೆಯೂ ಆಯಿತು. ಅರ್ಧಕ್ಕೆ ನಿಲ್ಲಿಸಿ, ಆಪಾ ನನ್ನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಸ್ಟೂಲು ಎಳೆದುಕೊಂಡು ನನ್ನ ಮುಖದ ಸಮಕ್ಕೆ ಕೂತರು. ಇದು ಸುಸಲಾ, ಜರಾ ಖಾರ ಇದೆ, ಕೊಡಲೇನು ಎಂದು ಕೇಳಿದರು. ನಾನು ತಲೆಯಾಡಿಸಿದ ಮೇಲೆಯೇ ಚಮಚ ಎತ್ತಿದರು. ನುಂಗುವ ತನಕ ನನ್ನ ಗಂಟಲನ್ನೇ ನೋಡುತ್ತ ಕಾದರು. ಮುಖ ಒರೆಸುವ ಮೊದಲು ಒರೆಸುತ್ತೇನೆ ಎಂದರು, ಮಗ್ಗುಲು ಹೊರಳಿಸುವ ಮೊದಲು ಹೊರಳಿಸುತ್ತೇನೆ ಎಂದರು.

“ಕೈಗಿಂತ ಮೊದಲ ಮಾತು ಮುಟ್ಟಬೇಕು,” ಅಂದರು. ಅವರ ಪಾಠ ಅಷ್ಟೇ. ಯಾವುದು ಸರಿ, ಯಾವುದು ತಪ್ಪು ಎಂದು ಅವರು ವಿವರಿಸಲೂ ಇಲ್ಲ, ನಾನು ಕೇಳಲೂ ಇಲ್ಲ.

ನನಗೆ ಸಿಕ್ಕ ಮೊದಲ ಮನೆ ಆಳಂದದ ಹಳೆಯ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಜಯತೀರ್ಥ ಅವರು ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ನಿವೃತ್ತರಾದವರು. ಸುತ್ತಲಿನ ಊರುಗಳಲ್ಲಿ ಅವರ ಮುಖ ನೋಡದವರಿಗೂ ಧ್ವನಿ ಗೊತ್ತಿತ್ತು. ನಿಲ್ದಾಣದ ಮೂಲೆಯ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಬಸ್ಸು ಯಾವ ಊರುಗಳ ಮೇಲೆ ಹೋಗುತ್ತದೆ ಎಂದು ಕೂಗುತ್ತಿದ್ದರು. ನಾನೂ ಸಣ್ಣವಳಿದ್ದಾಗ ಅವ್ವನ ಸೆರಗು ಹಿಡಿದು ಆ ಧ್ವನಿ ಕೇಳಿದವಳು. ನಿಂಬರ್ಗಾ ಎಂದು ನಮ್ಮೂರಿನ ಹೆಸರು ಅಷ್ಟು ದೊಡ್ಡದಾಗಿ ಕೇಳಿದಾಗ ಯಾರೋ ನಮ್ಮನ್ನೇ ಕರೆದಂತಾಗುತ್ತಿತ್ತು.

ಆ ಧ್ವನಿ ಈಗ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿದ್ದವು, ಮಾತು ಪೂರ್ತಿ ನಿಂತಿತ್ತು. ಮಗ, ಸೊಸೆ ಇಬ್ಬರೂ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದರು. ಹಗಲು ಅವರ ಹೆಂಡತಿ ಉಮಾಬಾಯಿ ಒಬ್ಬರೇ. ಅವರಿಗೆ ಮಂಡಿನೋವು, ಗಂಡನನ್ನು ಎತ್ತಿ ಕೂರಿಸುವುದು ಆಗುತ್ತಿರಲಿಲ್ಲ. ಅದಕ್ಕೇ ನಮ್ಮನ್ನು ಕರೆಸಿದ್ದರು.

ಅಮೀರಾಪಾ ಆ ಮನೆಗೆ ಹೋದವರು ಮೊದಲು ಮಂಚದ ಹತ್ತಿರ ಹೋಗಲಿಲ್ಲ. ಉಮಾಬಾಯಿಯ ಹತ್ತಿರ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಸಾಹೇಬರಿಗೆ ಚಹಾಕ್ಕೆ ಸಕ್ಕರೆ ಎಷ್ಟು, ಯಾವ ಮಗ್ಗುಲಿಗೆ ಮಲಗುತ್ತಿದ್ದರು, ಸಿಟ್ಟು ಬಂದರೆ ಏನು ಮಾಡುತ್ತಿದ್ದರು ಎಂದು ಕೇಳಿದರು. ಉಮಾಬಾಯಿ ಮೊದಮೊದಲು ಬಿಗಿಯಾಗಿ ಉತ್ತರ ಕೊಟ್ಟರು. ಕೊನೆಗೆ, ಸಿಟ್ಟು ಬಂದರೆ ಊಟ ಬಿಟ್ಟು ಬಸ್ ನಿಲ್ದಾಣಕ್ಕೆ ಹೋಗಿ ಕೂರುತ್ತಿದ್ದರು ಎಂದು ಹೇಳುವಾಗ ಅವರಿಗೇ ನಗು ಬಂತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಆಪಾ ಜೊತೆಗಿದ್ದಷ್ಟು ದಿನ ಎಲ್ಲ ಸರಿಯಿತ್ತು. ನಾನೊಬ್ಬಳೇ ಹೋದ ಮೊದಲ ದಿನವೇ ಗಡಬಡವಾಯಿತು. ಮೆತ್ತಗೆ ಕಲಸಿದ ಅನ್ನ ಬೇಳೆ ತಿನ್ನಿಸುತ್ತಿದ್ದೆ. ಅವರು ನುಂಗಿದರು ಎಂದುಕೊಂಡು ಮುಂದಿನ ತುತ್ತು ಇಟ್ಟೆ. ಇನ್ನೂ ನುಂಗಿರಲಿಲ್ಲ. ಕೆಮ್ಮು ಹತ್ತಿತು, ಮುಖ ಕೆಂಪಾಯಿತು, ಕಣ್ಣು ಮೇಲಕ್ಕೆ ಹೋದವು. ಉಮಾಬಾಯಿ ಓಡಿಬಂದರು. ಇಬ್ಬರೂ ಸೇರಿ ಅವರನ್ನು ಮುಂದಕ್ಕೆ ಬಾಗಿಸಿ ಬೆನ್ನು ತಟ್ಟಿದೆವು, ಅಗುಳು ಹೊರಗೆ ಬಂತು. ಉಸಿರು ತಿರುಗಿದ ಕೂಡಲೇ ಅವರು ಎಡಗೈಯಿಂದ ತಟ್ಟೆಯನ್ನು ಜೋರಾಗಿ ಹೊಡೆದರು. ಅನ್ನ ಗೋಡೆಗೆ ಬಿತ್ತು. ಅವರು ನನ್ನ ಕಡೆ ನೋಡಿದ ನೋಟದಲ್ಲಿ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಸಂಜೆ ಮಂಜರಿ ಮೇಡಂಗೆ ಈ ಕೆಲಸ ನನ್ನ ಕೈಲಾಗದು ಎಂದು ಹೇಳಿ ನಿಂಬರ್ಗಾದ ಬಸ್ಸು ಹತ್ತಿದೆ.

ಊರಲ್ಲಿ ತೊಗರಿ ಕೊಯ್ಲು ನಡೆದಿತ್ತು. ಅವ್ವ ನನ್ನ ಕೈಗೆ ಕುಡಗೋಲು ಕೊಟ್ಟಳು. ಮರುದಿನವೋ ಅದರ ಮರುದಿನವೋ, ಬಿಸಿಲೇರುವ ಹೊತ್ತಿಗೆ, ಹೊಲದ ಬದುವಿನ ಮೇಲೆ ಕಾಲೆಳೆಯುತ್ತ ಬರುತ್ತಿದ್ದ ಅಮೀರಾಪಾ ಕಂಡರು. ಬಸ್ಸಿಳಿದು, ದಾರಿ ಕೇಳಿಕೊಂಡು, ಅಷ್ಟು ದೂರ ನಡೆದು ಬಂದಿದ್ದರು. ನನ್ನ ಕಡೆ ನೋಡಿ ಬರೀ ತಲೆಯಾಡಿಸಿದರು. ಅವ್ವನ ಹತ್ತಿರ ಕೂತು ಈ ವರ್ಷದ ಕಾಯಿ ಹೇಗೆ ಬಂದಿದೆ ಎಂದು ಕೇಳಿದರು. ನಾವು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮೂವರೂ ತಿಂದೆವು. ಕೆಲಸದ ಮಾತೇ ಬರಲಿಲ್ಲ. ಹೊರಡುವಾಗ, ಬಸ್ಸಿನ ತನಕ ಕಳಿಸಿಬರಲು ಬಾ ಎಂದು ಆಪಾ ನನ್ನನ್ನು ಕರೆದರು.

ನಡೆಯುತ್ತ ಹೋದಾಗ, ಆ ಸಾಹೇಬರು ಹೆದರಿದರು, ನನ್ನಿಂದ ಹೆದರಿದರು ಎಂದು ನಾನೇ ಬಾಯಿ ಬಿಟ್ಟೆ. ಆಪಾ ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಕೂತರು. ಎಡತೊಡೆಯ ಮೇಲೆ ಕೈಯಿಟ್ಟು, ಇದರೊಳಗೆ ಸ್ಟೀಲಿನ ರಾಡು ಇದೆ, ಗೊತ್ತೇನು ಎಂದು ಕೇಳಿದರು. ಅಂದು ಆ ಮರದ ಕೆಳಗೆ ಅವರು ಹೇಳಿದ್ದನ್ನು ನಾನು ಇವತ್ತಿಗೂ ಹೊಸಬರಿಗೆ ಹೇಳುತ್ತೇನೆ.

ಅಮೀರಾಪಾ ಹುಟ್ಟಿದ್ದು ಅಫಜಲಪುರದಲ್ಲಿ. ತಂದೆ ಅಬ್ದುಲ್ ಗನಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದರು. ಮಗಳನ್ನು ಆಳಂದಕ್ಕೆ ಮದುವೆ ಮಾಡಿ ಕೊಟ್ಟರು. ಗಂಡ ಟೆಂಪೋ ಓಡಿಸುತ್ತಿದ್ದ. ಸೋಲಾಪುರ, ಕಲಬುರಗಿ ಎಂದು ಹೆಚ್ಚಿನ ದಿನ ರಸ್ತೆಯ ಮೇಲೇ ಇರುತ್ತಿದ್ದ. ಮನೆಯಲ್ಲಿ ಅತ್ತೆ ಮದೀನಾಬಿ. ಅತ್ತೆ ಸೊಸೆಗೆ ಒಂದು ದಿನವೂ ಸರಿಬರಲಿಲ್ಲ. ಉಪ್ಪು ಹೆಚ್ಚಾಯಿತು, ನೀರು ಖಾಲಿಯಾಯಿತು, ಇದರಾಚೆಗೆ ಅವರ ನಡುವೆ ಮಾತಿರಲಿಲ್ಲ. ಮಗಳು ನಿಶಾತ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಒಂದು ಸಲ ತೊಗರಿ ಹೇರಿದ ಟ್ರ್ಯಾಕ್ಟರಿನ ಮೇಲೆ ಕೂತು ಬರುವಾಗ ಅಮೀರಾಪಾ ಕೆಳಗೆ ಬಿದ್ದರು. ತೊಡೆಯ ಮೂಳೆ ಮುರಿಯಿತು. ಸೋಲಾಪುರದಲ್ಲಿ ರಾಡು ಹಾಕಿ, ಚಳಿಗಾಲ ಕಳೆಯುವ ತನಕ ಅಲುಗಾಡಬಾರದು ಎಂದು ಹೇಳಿ ಕಳಿಸಿದರು.

ಅಷ್ಟು ದಿನ ಎಲ್ಲದಕ್ಕೂ ಅತ್ತೆಯ ಕೈಯೇ ಗತಿ. ಕಾಲು ಮುರಿದದ್ದಕ್ಕಿಂತ ಅದೇ ತನಗೆ ಹೆಚ್ಚು ಸಂಕಟವಾಗಿತ್ತು ಎಂದರು ಆಪಾ. ಮೊದಲ ದಿನ ಅತ್ತೆ ಬಿಸಿನೀರಿನ ಬಕೆಟ್ಟು ಹಿಡಿದು ಬಂದಾಗ ಕಣ್ಣು ಮುಚ್ಚಿಕೊಂಡು ಮಲಗಿದ್ದರಂತೆ. ಮದೀನಾಬಿ ಮೊದಲು ಬಾಗಿಲಿಗೆ ಚಾದರ ಕಟ್ಟಿದರು. ಆಮೇಲೆ, ಅಮೀರಾ, ಈಗ ಕಾಲು ಎತ್ತುತ್ತೇನೆ ಎಂದರು. ಅಮೀರಾ, ಈಗ ಬೆನ್ನಿಗೆ ನೀರು ಹಾಕುತ್ತೇನೆ ಎಂದರು. ಒರೆಸಬೇಕಾದಲ್ಲಿ ಒರೆಸುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಹೇಳದೆ ಒಂದು ಸಲವೂ ಮುಟ್ಟಲಿಲ್ಲ. ಇಡೀ ಚಳಿಗಾಲ ಹಾಗೇ ನಡೆಯಿತು. ಸೊಸೆ ಎದ್ದು ಓಡಾಡಲು ಶುರುಮಾಡಿದ ಮೇಲೆ ಮತ್ತೆ ಉಪ್ಪಿನ ಜಗಳ ಶುರುವಾಯಿತು. ಆದರೆ ಜಗಳದ ನಡುವೆ ಇಬ್ಬರಿಗೂ ನಗು ಬಂದುಬಿಡುತ್ತಿತ್ತು.

ಅದಾಗಿ ಕೆಲವು ವರ್ಷಕ್ಕೆ ಮದೀನಾಬಿ ತೀರಿಹೋದರು. ಕಾಯಿಲೆ ಬೀಳಲಿಲ್ಲ, ಮಲಗಲಿಲ್ಲ. ಬೆಳಿಗ್ಗೆ ನಮಾಜು ಮುಗಿಸಿ ಒಲೆ ಹಚ್ಚಲು ಕೂತವರು ಹಾಗೇ ಗೋಡೆಗೊರಗಿದ್ದರು.

“ನನಗ ಸರತಿನೇ ಕೊಡಲಿಲ್ಲ ಬೇ ಆಕಿ,” ಅಂದರು ಆಪಾ. “ಒಂದು ದಿನ ಮಕ್ಕೊಂಡಿದ್ರ ನಾನೂ ಮಾಡ್ತಿದ್ದೆ.”

ಗಂಡ ತೀರಿಕೊಂಡ ಮೇಲೆ ಆಪಾ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿದರು, ಅಲ್ಲಿಂದ ಮಂಜರಿ ಮೇಡಂ ಹತ್ತಿರ ಬಂದರು. ಅತ್ತೆಗೆ ಮಾಡಲಾಗಲಿಲ್ಲ ಎಂದೇ ಈ ಕೆಲಸ ಹಿಡಿದಿರಾ ಎಂದು ಕೇಳಿದೆ. ಅದೂ ಇರಬಹುದು, ಹೊಟ್ಟೆಪಾಡೂ ಇತ್ತು ಎಂದರು. ಬಸ್ಸು ದೂರದಲ್ಲಿ ಕಂಡಾಗ ಎದ್ದು ಸೀರೆ ಝಾಡಿಸಿಕೊಂಡರು.

“ಅವರು ಹೆದರ್ಯಾರ ಅಂತ ನಿನಗ ತಿಳೀತಲ್ಲ, ಅದನ್ನ ಕಲಸಲಿಕ್ಕಿ ನನಗ ಬರೂದಿಲ್ಲ. ಉಳಿದದ್ದು ಕಲಸ್ತೇನಿ. ಬರ್ತಿಯೇನು?”

ನಾನು ಮನೆಗೆ ಓಡಿ ಚೀಲ ತರುವ ತನಕ ಕಂಡಕ್ಟರನ ಜೊತೆ ಜಗಳವಾಡಿ ಬಸ್ಸು ನಿಲ್ಲಿಸಿಕೊಂಡಿದ್ದರು.

ಮರುದಿನ ಉಮಾಬಾಯಿ ನನ್ನನ್ನು ನೋಡಿ, ನಾನು ಹಬ್ಬಕ್ಕೆ ಊರಿಗೆ ಹೋಗಿ ಬಂದೆನೇನೋ ಎಂಬಂತೆ, ನಾಷ್ಟಾ ಆಯಿತೇನು ಎಂದು ಕೇಳಿದರು. ಅನ್ನ ನೆತ್ತಿಗೇರಿಸಿದ್ದು ನೀನೊಬ್ಬಳೇ ಅಲ್ಲ, ನನ್ನ ಕೈಯಲ್ಲೂ ಆಗಿದೆ ಎಂದರು. ನಾನು ಸಾಹೇಬರ ಮುಂದೆ ಸ್ಟೂಲು ಹಾಕಿ ಕೂತು, ಇವತ್ತು ನಿಧಾನಕ್ಕೆ ಕೊಡುತ್ತೇನೆ ಎಂದು ಹೇಳಿದೆ. ಅವರು ಬಾಯಿ ತೆರೆಯಲು ಬಹಳ ಹೊತ್ತು ತೆಗೆದುಕೊಂಡರು. ತೆರೆದರು.

ಅಮೀರಾಪಾ ಆ ವಾರ ಮತ್ತೆ ನನ್ನ ಜೊತೆಗೇ ಬರುತ್ತಿದ್ದರು. ಒಂದು ಮಧ್ಯಾಹ್ನ ನಾನು ಸಾಹೇಬರ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದೆ. ಆಪಾ ಕಿಟಕಿಯ ಹತ್ತಿರ ಕೂತು ಬಟ್ಟೆ ಮಡಚುತ್ತ, ತಾವು ಹೊಸ ಸೊಸೆಯಾಗಿದ್ದಾಗ ತವರಿಗೆ ಹೋಗುತ್ತಿದ್ದ ಕಥೆ ಹೇಳುತ್ತಿದ್ದರು. ಉಮಾಬಾಯಿಯ ತವರೂ ಅಫಜಲಪುರವೇ ಆದದ್ದರಿಂದ ಇಬ್ಬರಿಗೂ ಮಾತು ಮುಗಿಯುತ್ತಿರಲಿಲ್ಲ. ಆಗ ಬಸ್ಸುಗಳು ಕಡಿಮೆ. ಕಲಬುರಗಿಗೆ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿಯಬೇಕಿತ್ತು. ಆಳಂದ ಬಿಟ್ಟರೆ ಕಡಗಂಚಿ, ಅಲ್ಲಿಂದ ಕಲಬುರಗಿ, ಕಲಬುರಗಿ ಬಿಟ್ಟರೆ ಚೌಡಾಪುರ ಎಂದು ಆಪಾ ಹೇಳುತ್ತಿದ್ದಂತೆ, ನನ್ನ ಕೈಯೊಳಗಿದ್ದ ಕೈ ಬಿಗಿಯಾಯಿತು.

“ಗೊಬ್ಬೂರ,” ಅಂತ ಕೇಳಿಸಿತು.

ನಾವು ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಧ್ವನಿ ತೊದಲಿತ್ತು, ಅರ್ಧ ಉಸಿರಿನಲ್ಲಿತ್ತು. ಸಾಹೇಬರ ಕಣ್ಣು ಆಪಾನ ಮೇಲಿತ್ತು. ಹೇಳುವ ಊರು ಬಿಟ್ಟು ಮುಂದೆ ಹೋದರೆ ಅಲ್ಲಿ ಇಳಿಯುವವರು ಏನು ಮಾಡಬೇಕು ಎಂದು ಗದರಿಸುವಂತಿತ್ತು ಆ ನೋಟ. ಆಪಾ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ಒಪ್ಪಿಕೊಂಡರು.

“ಹೌದ್ರಿ ಸಾಹೇಬ್ರ, ತಪ್ಪಾತು. ಕಲಬುರಗಿ, ಗೊಬ್ಬೂರ, ಆಮ್ಯಾಲ?”

“ಚೌಡಾಪುರ,” ಅಂದರು ಅವರು. ಸ್ವಲ್ಪ ತಡೆದು, “ಅಫಜಲಪುರ.”

ಉಮಾಬಾಯಿ ಎದ್ದು ಒಳಗೆ ಹೋದರು. ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ತಿರುಗಿ ಬಂದಾಗ ಮುಖ ತೊಳೆದುಕೊಂಡು ಬಂದಿದ್ದರು.

ಕಲಬುರಗಿಯ ಡಾಕ್ಟರು, ಹೀಗಾಗುವುದುಂಟು ಎಂದರಂತೆ. ದಿನವೂ ಒಂದೇ ಸಾಲಿನಲ್ಲಿ ಹೇಳಿ ಹೇಳಿ ಬಾಯಿಗೆ ಕೂತ ಮಾತು ಒಮ್ಮೊಮ್ಮೆ ಉಳಿದಿರುತ್ತದೆ, ಅದನ್ನು ಹಿಡಿದುಕೊಂಡೇ ಬೇರೆ ಮಾತು ಆಡಿಸಿ ನೋಡಿ ಎಂದು ಹೇಳಿ ಕಳಿಸಿದರು. ಅವತ್ತಿನಿಂದ ಅದು ನಮ್ಮ ದಿನಚರಿಯಾಯಿತು. ಉಮಾಬಾಯಿ ಆಳಂದ ಎಂದರೆ ಅವರು ಕಡಗಂಚಿ ಎನ್ನಬೇಕು. ಇಷ್ಟು ವರ್ಷ ಸಂಸಾರ ಮಾಡಿದರೂ ಯಾವ ಬಸ್ಸು ಯಾವ ಊರಿನ ಮೇಲೆ ಹೋಗುತ್ತದೆ ಎಂದು ಮನೆಯಲ್ಲಿ ಒಂದು ದಿನ ಹೇಳಿದವರಲ್ಲ, ಈಗ ಕಲಿಸುತ್ತಿದ್ದಾರೆ ಎಂದು ಉಮಾಬಾಯಿ ನಗುತ್ತಿದ್ದರು. ಸಂಜೆ ಮಗ, ಸೊಸೆ ಬಂದ ಮೇಲೆ ಅವರೂ ಸೇರುತ್ತಿದ್ದರು. ಆ ಮನೆಯ ಪಡಸಾಲೆಯಲ್ಲಿ ಕೂತು ನಾನು ನೋಡದ ಎಷ್ಟೋ ಊರುಗಳ ಮೇಲೆ ಹಾದು ಬಂದಿದ್ದೇನೆ.

ಚಳಿ ಕಳೆದು ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ ಉಮಾಬಾಯಿ ಅವರ ತಲೆ ಬಾಚುತ್ತ ಎಂದಿನಂತೆ ಶುರುಮಾಡಿದರು. ಸಾಹೇಬರು ಒಂದೊಂದೇ ಊರು ಹೇಳುತ್ತ ಅಫಜಲಪುರದ ತನಕ ಬಂದರು. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

“ಅಫಜಲಪುರ,” ಅಂದು, ಬಾಯಿ ತಿರುಗಿಸಲು ಕಷ್ಟಪಟ್ಟು, “ಉಮಾ,” ಅಂದರು.

ಮದುವೆಗೆ ಮುಂಚೆ ಸಾಹೇಬರು ಉಮಾಬಾಯಿಯನ್ನು ನೋಡಲು ಹೋದದ್ದು ಆ ಊರಿಗೇ ಅಲ್ಲವೇ. ಉಮಾಬಾಯಿ ಬಾಚಣಿಗೆ ಹಿಡಿದವರು ಹಾಗೇ ನಿಂತರು. ಆಮೇಲೆ, ಹ್ಞೂಂ, ಇಲ್ಲೇ ಇದ್ದೇನೆ ಎಂದು ಮೆಲ್ಲಗೆ ಹೇಳಿ, ಬೈತಲೆಯನ್ನು ಮತ್ತೊಮ್ಮೆ ಸರಿಮಾಡಿದರು. ನಾನು ನೀರು ತರುವ ನೆಪದಲ್ಲಿ ಹೊರಗೆ ಬಂದೆ.

ಪೂರ್ತಿ ಮಾತು ಅವರಿಗೆ ಕೊನೆಗೂ ಬರಲಿಲ್ಲ. ನೀರು, ಸಾಕು, ಬಿಸಿ, ಉಮಾ, ಇಂಥ ಕೆಲವು ಮಾತು ಬಂದವು. ನನ್ನನ್ನು ಜೋತಿ ಎನ್ನುತ್ತಿದ್ದರು. ಎರಡನೆಯ ಬೇಸಿಗೆಯಲ್ಲಿ ತೀರಿಕೊಂಡರು. ಆ ದಿನ ಬಸ್ ನಿಲ್ದಾಣದ ಹಳೆಯ ಡ್ರೈವರುಗಳು, ಕಂಡಕ್ಟರುಗಳು, ಹಣ್ಣಿನ ಗಾಡಿಯವರು ಓಣಿ ತುಂಬ ನಿಂತಿದ್ದರು. ನಾನೂ ಅಮೀರಾಪಾನೂ ಉಮಾಬಾಯಿಯ ಪಕ್ಕದಲ್ಲಿ ಕೂತಿದ್ದೆವು. ಈ ಕೆಲಸದಲ್ಲಿ ಇದೂ ಇದೆ, ಇದಕ್ಕೂ ಒಬ್ಬರು ಜೊತೆಗಿರಬೇಕು ಎಂದು ಆಪಾ ನನ್ನ ಬೆನ್ನ ಮೇಲೆ ಕೈಯಿಟ್ಟಿದ್ದರು.

ಜೇವರ್ಗಿಯಲ್ಲಿ ಕಚೇರಿ ತೆರೆದಾಗ ಮಂಜರಿ ಮೇಡಂ ಆಪಾನನ್ನೂ ನನ್ನನ್ನೂ ಅಲ್ಲಿಗೆ ಕಳಿಸಿದರು. ಆಪಾನ ಮಗಳು ನಿಶಾತ ಮದುವೆಯಾಗಿ ಅಲ್ಲೇ ಇದ್ದದ್ದು ಅನುಕೂಲವಾಯಿತು. ಅಲ್ಲಿ ಸೇರಿದ ಮೊದಲ ಗಂಡಸು ಯಾಸೀನ. ಹಮಾಲಿ ಮಾಡಿ ಬೆಳೆದ ಎತ್ತರದ ಆಳು, ನಲವತ್ತರ ಹತ್ತಿರದ ವಯಸ್ಸು. ಗಂಡಸರನ್ನು ಎತ್ತಿ ಇಳಿಸಲು ಗಂಡಸೇ ಬೇಕು ಎಂದು ಮನೆಗಳವರು ಕೇಳುತ್ತಿದ್ದರು. ಆಪಾ ಅವನನ್ನೂ ಮಂಚದ ಮೇಲೆ ಮಲಗಲು ಹೇಳಿದಾಗ ನಾಚಿ ಕೆಂಪಾದ. ಆಪಾ ನಿಂತು ಹೇಳುತ್ತ ಹೋದರು, ಕಚೇರಿಯ ವಾಚಮನ್ ಅವನ ಕಾಲಿಗೆ ಎಣ್ಣೆ ಹಚ್ಚಿದರು. ಸ್ವಲ್ಪ ಹೊತ್ತಿಗೆ ಯಾಸೀನ ಗೊರಕೆ ಹೊಡೆಯತೊಡಗಿದ. ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಾನು ಎಬ್ಬಿಸಲು ಹೋದರೆ ಆಪಾ ತಡೆದರು. ಯಾರದಾದರೂ ಕೈ ಮೈಗೆ ಹಿತವಾಗಿ ತಾಕಿ ಎಷ್ಟು ವರ್ಷ ಆಗಿದೆಯೋ, ಮಲಗಲಿ ಬಿಡು ಎಂದರು. ಯಾಸೀನ ಇವತ್ತಿಗೂ ನಮ್ಮಲ್ಲಿದ್ದಾನೆ. ಮನೆಗಳವರು ಅವನನ್ನೇ ಕಳಿಸಿ ಎಂದು ಫೋನು ಮಾಡುತ್ತಾರೆ.

ಆಪಾನ ಪಾಠದ ವಿಡಿಯೋ ಮಾಡಬೇಕೆಂದು ಮೇಡಂ ಬಹಳ ಪ್ರಯತ್ನಿಸಿದರು. ಕ್ಯಾಮೆರಾ ಕಂಡ ಕೂಡಲೇ ಆಪಾ ಸ್ಕೂಲಿನ ಹುಡುಗಿಯಂತೆ ಕೈ ಕಟ್ಟಿ ನಿಂತು, ಪುಸ್ತಕದ ಕನ್ನಡದಲ್ಲಿ ಮಾತಾಡಲು ಹೋಗಿ ತಡವರಿಸುತ್ತಿದ್ದರು. ಮಲಗಿದವರ ಹತ್ತಿರ ಕೂತರೆ ಮಾತ್ರ ಅವರ ಬಾಯಿಂದ ಮಾತು ತಾನಾಗಿ ಬರುತ್ತಿತ್ತು. ಕೊನೆಗೆ ಆ ವಿಡಿಯೋದಲ್ಲಿ ನಿಂತವಳು ನಾನು. ಈಗ ಹೊಸಬರು ಅದನ್ನು ನೋಡಿ, ಮೇಡಂ ಚೆನ್ನಾಗಿ ಹೇಳುತ್ತೀರಿ ಎನ್ನುತ್ತಾರೆ. ಆಗೆಲ್ಲ ನನಗೆ ಆಪಾ ಇರಬೇಕಿತ್ತು ಎನಿಸುತ್ತದೆ.

ಹೋದ ವರ್ಷ ಅವರು ಕೆಲಸ ಬಿಟ್ಟರು. ಕಾಲು ನೋವು ಜಾಸ್ತಿಯಾಗಿತ್ತು, ಬೇರೆಯವರ ಮನೆಯ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತಿತ್ತು. ಶಾಲು ಹೊದಿಸುವುದು, ಭಾಷಣ ಇವೇನೂ ಬೇಡ ಎಂದು ಮೊದಲೇ ಹೇಳಿದ್ದರು. ಮಿರ್ಚಿ ಭಜಿ, ಚಹಾ ತರಿಸಿದೆವು. ಉಮಾಬಾಯಿ ಮಗನ ಕಾರಿನಲ್ಲಿ ಆಳಂದದಿಂದ ಬಂದಿದ್ದರು. ಇಬ್ಬರೂ ಒಂದು ಮೂಲೆಯಲ್ಲಿ ಕೂತು ಅಫಜಲಪುರದಲ್ಲಿ ಯಾರ ಮನೆ ಯಾರಿಗೆ ಮಾರಿದರು, ಯಾವ ಬಾವಿ ಮುಚ್ಚಿದರು ಎಂದು ಮಾತಾಡುತ್ತಿದ್ದರು. ಆಪಾ ನಮಗೆಲ್ಲ ಒಂದೊಂದು ಮಾತು ಹೇಳುತ್ತಾರೆಂದು ನಾವು ಕಾದಿದ್ದೇ ಬಂತು.

ಮೊನ್ನೆ ಭಾನುವಾರ, ಆಪಾ ಈಗ ಇರುವ ನಿಶಾತಳ ಮನೆಗೆ ಹೋಗಿದ್ದೆ. ಬರುವ ತಿಂಗಳು ನಿಂಬರ್ಗಾದಲ್ಲಿ ನನ್ನ ಮದುವೆ. ಆಪಾ ನನ್ನನ್ನು ಬಜಾರಕ್ಕೆ ಕರೆದುಕೊಂಡು ಹೋದರು. ಬಳೆ ಅಂಗಡಿಯಲ್ಲಿ ಹಸಿರು ಬಳೆಗಳ ಮುಂದೆ ಕೂತು, ಇದು ದಪ್ಪ, ಇದಕ್ಕೆ ಮೆರುಗಿಲ್ಲ ಎಂದು ಅಂಗಡಿಯವಳ ತಾಳ್ಮೆ ಪರೀಕ್ಷಿಸಿದರು. ಕೊನೆಗೆ ಅವರಿಗೆ ಹಿಡಿಸಿದ ಬಳೆ ನನಗೆ ಹಿಡಿಸಲಿಲ್ಲ, ನನಗೆ ಹಿಡಿಸಿದ್ದು ಅವರಿಗೆ ಹಿಡಿಸಲಿಲ್ಲ. ಎರಡೂ ತೆಗೆದುಕೊಂಡೆವು. ಹೊರಗೆ ಬಂದು ಗಾಡಿಯ ಹತ್ತಿರ ನಿಂತು ಕಬ್ಬಿನ ಹಾಲು ಕುಡಿಯುವಾಗ, ಈ ಸಲ ಎಷ್ಟು ಮಂದಿ ಹೊಸಬರು ಬಂದಿದ್ದಾರೆ ಎಂದು ಕೇಳಿದರು. ನಾನು ಒಬ್ಬೊಬ್ಬರ ಹೆಸರು, ಊರು ಹೇಳಿದೆ. ಯಾರು ಹೆದರುತ್ತಾರೆ, ಯಾರು ಮನೆ ನೆನೆಸಿಕೊಂಡು ಅಳುತ್ತಾರೆ ಎಂದೂ ಹೇಳಿದೆ. ಆಪಾ ಗ್ಲಾಸು ಹಿಡಿದುಕೊಂಡೇ ಕೇಳುತ್ತ ನಿಂತರು.

“ಅಳೂ ಹುಡುಗಿಗಿ ಶುಕ್ರವಾರ ಮನಿಗಿ ಕರಕೊಂಡು ಬಾ,” ಅಂದರು. “ಖಿಚಡಿ ಮಾಡ್ತೇನಿ. ಮದುವಿಗಿ ಹೋಗುಮುಂದ ಆಕೀನೂ ನನ್ನ ಜೋಡಿ ಬರಲಿ, ಆಕಿ ನಿಂಬರ್ಗಾ ನೋಡಿಲ್ಲ ಅಂದಿಯಲ್ಲ.”

ರಸ್ತೆ ದಾಟಲು ನನ್ನ ಭುಜದ ಮೇಲೆ ಕೈಯಿಟ್ಟರು. ಬಳೆಯ ಪೊಟ್ಟಣ ಒಡೆಯದಂತೆ ಎದೆಗೆ ಹಿಡಿದುಕೊಂಡು ನಾನು ಅವರ ಹೆಜ್ಜೆಗೆ ಸರಿಯಾಗಿ ನಡೆದೆ.